ರೋಬೋ ಕಿಟ್: ಯುಎಸ್‌ಬಿ ಕೇಬಲ್ ತೆಗೆದ್ರೆ ಊನೋ ರೀಸೆಟ್ ಆಗ್ತಿದೆ, ಎಡಗಾಲಿ ತಿರುಗ್ತಿಲ್ಲ

ಲ್ಯಾಬ್_ಮೇಷ್ಟ್ರು:
ಎಂಟನೇ ತರಗತಿ ಮಕ್ಕಳಿಗೆ ಆರು ಕಿಟ್ ಇವೆ. ಪ್ರತಿಯೊಂದರಲ್ಲೂ ಆರ್ಡುಯಿನೋ ಊನೋ (ಪ್ರೋಗ್ರಾಮ್ ಓಡಿಸೋ ಬೋರ್ಡ್), ಎಲ್298ಎನ್ ಡ್ರೈವರ್ (ಮೋಟಾರಿಗೆ ಕರೆಂಟ್ ಕೊಡೋ ಬೋರ್ಡ್), ಎರಡು ಹಳದಿ ಬಿಒ ಮೋಟಾರ್ (ಗಾಲಿ ತಿರುಗಿಸೋ ಗೇರ್ ಮೋಟಾರ್), ಎಚ್‌ಸಿ-ಎಸ್‌ಆರ್04 ಸೆನ್ಸರ್ (ಪ್ರತಿಧ್ವನಿಯಿಂದ ದೂರ ಅಳೆಯೋದು), ಅದನ್ನು ಅತ್ತಿತ್ತ ತಿರುಗಿಸೋಕೆ ಎಸ್‌ಜಿ90 ಸರ್ವೋ (ಹೇಳಿದ ಕೋನಕ್ಕೆ ತಿರುಗೋ ಪುಟ್ಟ ಮೋಟಾರ್), ಮತ್ತೆ 9 ವೋಲ್ಟಿನ ಚೌಕ ಬ್ಯಾಟರಿ. ತೊಂದರೆ ಎರಡು. ಕೇಬಲ್ ಇದ್ದಾಗ ಗಾಡಿ ನಿಧಾನವಾಗಿಯಾದರೂ ಓಡುತ್ತೆ, ತೆಗೆದರೆ ಒಂದು ಸಲ ಜಗ್ಗಿ ನಿಲ್ಲುತ್ತೆ, ಮತ್ತೆ ಜಗ್ಗುತ್ತೆ. ಇನ್ನೊಂದು, ಪ್ರೋಗ್ರಾಮಿನಲ್ಲಿ ಸರ್ವೋ ಸೇರಿಸಿದ ಮೇಲೆ ಎಡಗಾಲಿ ವೇಗದ ಬೆಲೆ 255 (ಪೂರ್ತಿ ವೇಗ) ಕೊಟ್ಟರೆ ಮಾತ್ರ ತಿರುಗುತ್ತೆ, 150ಕ್ಕೆ ಅಲುಗೋದೂ ಇಲ್ಲ. ಇಎನ್‌ಎ (ಡ್ರೈವರಿನಲ್ಲಿ ಎಡಗಾಲಿಯ ವೇಗ ಹೇಳೋ ಪಿನ್) ಊನೋದ 9ನೇ ಪಿನ್‌ಗೆ, ಇಎನ್‌ಬಿ (ಬಲಗಾಲಿಯದು) 6ಕ್ಕೆ ಕೊಟ್ಟಿದೆ. ಕಿಟ್ ಜೊತೆ ಬಂದ ಪುಸ್ತಕದಲ್ಲೂ ಹೀಗೇ ಇದೆ. ಎಲ್ಲಿ ತಪ್ಪಿದೆ?

ಬೆಸುಗೆ:
ಮೊದಲನೆಯದು ಬ್ಯಾಟರಿ ತೊಂದರೆ ಸರ್, ಕೋಡ್ ಮುಟ್ಟಬೇಡಿ. ಆ ಚೌಕ ಬ್ಯಾಟರಿ ಮಲ್ಟಿಮೀಟರಿನಂಥ ಸಣ್ಣ ಕರೆಂಟಿನ ಕೆಲಸಕ್ಕೆ ಆಗುವಂಥದ್ದು. ನಿಂತಿದ್ದ ಬಿಒ ಮೋಟಾರ್ ಹೊರಡುವ ಗಳಿಗೆಯಲ್ಲಿ ಒಂದೊಂದೂ ಅರ್ಧ ಆಂಪಿಯರಿಗಿಂತ ಜಾಸ್ತಿ ಎಳೆಯುತ್ತೆ. ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ ಇರೋದರಿಂದ ವೋಲ್ಟೇಜ್ ಧಡಕ್ಕನೆ ಬೀಳುತ್ತೆ. ಊನೋದ ಚಿಪ್ಪಿಗೆ 2.7 ವೋಲ್ಟಿಗಿಂತ ಕಡಿಮೆ ಸಿಕ್ಕರೆ ಅದು ರೀಸೆಟ್ ಆಗುತ್ತೆ. ಮೋಟಾರ್ ನಿಲ್ಲುತ್ತೆ, ವೋಲ್ಟೇಜ್ ಏರುತ್ತೆ, ಪ್ರೋಗ್ರಾಮ್ ಮೊದಲಿಂದ ಶುರು, ಮತ್ತೆ ಬೀಳುತ್ತೆ. ನೀವು ನೋಡ್ತಿರೋ ಜಗ್ಗಾಟ ಇದೇ. ಕೇಬಲ್ ಇದ್ದಾಗ ಬೋರ್ಡಿಗೆ ಕಂಪ್ಯೂಟರಿನ 5 ವೋಲ್ಟ್ ಇರುತ್ತಲ್ಲ, ಅದಕ್ಕೇ ಅದು ಸಾಯಲ್ಲ.

ಖಾತ್ರಿ ಮಾಡ್ಕೊಳ್ಳೋಕೆ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಎಲ್298ಎನ್‌ನ '12ವಿ' ಮತ್ತು 'ಜಿಎನ್‌ಡಿ' ಸ್ಕ್ರೂಗಳ ಮೇಲೆ ಹಿಡಿದು ಗಾಡಿ ಆನ್ ಮಾಡಿ. ಜೊತೆಗೆ ಊನೋದಲ್ಲಿ 'ಎಲ್' ಅಂತ ಬರೆದಿರೋ ಪುಟ್ಟ ಎಲ್‌ಇಡಿ ನೋಡಿ. ಗಾಲಿ ಜಗ್ಗಿದ ಪ್ರತಿ ಸಲವೂ ಅದು ಪಟಪಟ ಮಿಣುಕಿದರೆ ರೀಸೆಟ್ಟೇ.

6 ಎಎ ರೀಚಾರ್ಜಬಲ್ ಸೆಲ್ಲು (ನಿಕಲ್ ಮೆಟಲ್ ಹೈಡ್ರೈಡ್, ಒಟ್ಟು 7.2 ವೋಲ್ಟ್) ಹಾಕಿ. ಎಲ್298ಎನ್ ಹಳೇ ಕಾಲದ ಡಿಸೈನು, ಒಳಗೇ ಸುಮಾರು 2 ವೋಲ್ಟ್ ನುಂಗುತ್ತೆ, ಮೋಟಾರಿಗೆ 5ರ ಆಸುಪಾಸು ಉಳಿಯುತ್ತೆ, ಸಾಕು. ಎರಡು 18650 ಲಿಥಿಯಂ ಸೆಲ್ಲೂ ಆಗುತ್ತೆ. ಆದರೆ ಮಕ್ಕಳ ಕೈಯಲ್ಲಿ ಒಂದು ಜಂಪರ್ ವೈರ್ ಅಡ್ಡ ಬಿದ್ದರೆ ವೈರಿನ ಪ್ಲಾಸ್ಟಿಕ್ ಕರಗಿ ಹೊಗೆ ಬರುತ್ತೆ. ಎಂಟನೇ ತರಗತಿಗೆ ನಾನಂತೂ ಅದನ್ನ ಕೊಡಿ ಅನ್ನಲ್ಲ.

ವೈರಿಂಗ್ ಹೀಗಿರಲಿ: ಬ್ಯಾಟರಿ ಪ್ಲಸ್ ಸ್ವಿಚ್ಚಿಗೆ. ಸ್ವಿಚ್ಚಿಂದ ಒಂದು ವೈರ್ ಡ್ರೈವರಿನ '12ವಿ'ಗೆ, ಇನ್ನೊಂದು ಊನೋದ 'ವಿನ್' ಪಿನ್‌ಗೆ. ಬ್ಯಾಟರಿ ಮೈನಸ್, ಡ್ರೈವರ್, ಊನೋ, ಸರ್ವೋ ಎಲ್ಲದರ ಗ್ರೌಂಡ್ ಒಂದೇ ಕಡೆ ಸೇರಲೇಬೇಕು. ಸರ್ವೋದ ಕೆಂಪು ವೈರನ್ನು ಡ್ರೈವರಿನ '5ವಿ' ಸ್ಕ್ರೂಗೆ ಕೊಡಿ, ಅದನ್ನು ಊನೋದ 5 ವೋಲ್ಟ್ ಪಿನ್ ಜೊತೆ ಸೇರಿಸಬೇಡಿ. ಪ್ರತಿ ಮೋಟಾರಿನ ಎರಡು ಕಾಲಿನ ನಡುವೆ '104' ಅಂತ ಬರೆದಿರೋ ಸೆರಾಮಿಕ್ ಕೆಪಾಸಿಟರ್ ಸೋಲ್ಡರ್ ಮಾಡಿ, ಮೋಟಾರೊಳಗಿನ ಬ್ರಶ್ಶಿನ ಕಿಡಿಯಿಂದ ಬರೋ ವಿದ್ಯುತ್ ಗದ್ದಲ ತಗ್ಗುತ್ತೆ.

ಟೈಮರ್_ಒಂದು:
ಎರಡನೆಯದಕ್ಕೆ ಉತ್ತರ. ಊನೋದಲ್ಲಿ ಸರ್ವೋ ಲೈಬ್ರರಿ (ಸರ್ವೋ ನಡೆಸೋ ಸಿದ್ಧ ಕೋಡ್) ಚಿಪ್ಪಿನೊಳಗಿನ ಟೈಮರ್ 1 ಅನ್ನು ತನ್ನ ಕೆಲಸಕ್ಕೆ ತಗೊಳ್ಳುತ್ತೆ. 9 ಮತ್ತು 10ನೇ ಪಿನ್‌ಗಳ ಪಿಡಬ್ಲ್ಯೂಎಂ (ಪಟಪಟ ಆನ್-ಆಫ್ ಮಾಡಿ ವೇಗ ಹೊಂದಿಸೋದು) ನಡೆಯೋದು ಅದೇ ಟೈಮರಿಂದ. ಹಾಗಾಗಿ ಸರ್ವೋ ಅಟ್ಯಾಚ್ ಆದ ಮೇಲೆ ಅಲ್ಲಿ ವೇಗದ ಬೆಲೆ ಕೊಡೋ ಅನಲಾಗ್‌ರೈಟ್ ನಡೆಯಲ್ಲ. 255 ಕೊಟ್ಟರೆ ಅದು ನೇರ ಡಿಜಿಟಲ್ ಹೈ (ಪೂರ್ತಿ ಆನ್) ಆಗುತ್ತೆ, ಅದಕ್ಕೇ ಗಾಲಿ ತಿರುಗುತ್ತೆ. ಇಎನ್‌ಎ ವೈರನ್ನು 5ಕ್ಕೆ ಹಾಕಿ, ಕೋಡಿನಲ್ಲೂ ಬದಲಿಸಿ. ಖಾಲಿಯಾದ 9ಕ್ಕೆ ಬೇಕಾದರೆ ಸರ್ವೋ ಸಿಗ್ನಲ್ ಕೊಡಬಹುದು. ಇದೇ ಥರ ಬಝರ್‌ಗೆ ಟೋನ್ (ಸದ್ದು ಮಾಡಿಸೋ ಆಜ್ಞೆ) ಬಳಸಿದರೆ 3 ಮತ್ತು 11ರ ಪಿಡಬ್ಲ್ಯೂಎಂ ಕೆಡುತ್ತೆ. ಪುಸ್ತಕದ ಚಿತ್ರ ಸರ್ವೋ ಇಲ್ಲದ ಪಾಠಕ್ಕೆ ಬರೆದದ್ದಿರಬೇಕು.

ಮುಂದೆ ಇನ್ನೊಂದು ಕಡೆ ಎಡವುತ್ತೀರಿ, ಈಗಲೇ ಹೇಳಿಬಿಡ್ತೀನಿ. ದೂರ ಅಳೆಯೋಕೆ ಪ್ರತಿಧ್ವನಿಯ ಹೊತ್ತು ಎಣಿಸೋ ಆಜ್ಞೆ ಪಲ್ಸ್‌ಇನ್‌ಗೆ ಮೂರನೇ ಬೆಲೆಯಾಗಿ 25000 (ಎಷ್ಟು ಮೈಕ್ರೋಸೆಕೆಂಡ್ ಕಾಯಬೇಕು ಅನ್ನೋದು) ಕೊಡಿ. ಕೊಡದಿದ್ದರೆ ಪ್ರತಿಧ್ವನಿ ಬರದಾಗ ಅದು 1 ಸೆಕೆಂಡಿನವರೆಗೂ ಕಾಯುತ್ತೆ, ಅಷ್ಟರಲ್ಲಿ ಗಾಡಿ ಗೋಡೆಗೆ ಗುದ್ದಿರುತ್ತೆ. ಹೊತ್ತು ಮೀರಿದರೆ ಸಿಗೋ ಉತ್ತರ 0. ಮಕ್ಕಳು 'ದೂರ 20ಕ್ಕಿಂತ ಕಡಿಮೆ ಇದ್ದರೆ ತಿರುಗು' ಅಂತಷ್ಟೇ ಬರೆದಿರುತ್ತಾರೆ. ಎದುರಿಗೆ ಏನೂ ಇಲ್ಲದಿದ್ದಾಗ 0 ಬಂದು ಗಾಡಿ ಬಯಲಲ್ಲೂ ಗಿರಗಿರ ತಿರುಗುತ್ತೆ. '0ಕ್ಕಿಂತ ಜಾಸ್ತಿ, ಮತ್ತು 20ಕ್ಕಿಂತ ಕಡಿಮೆ' ಅಂತ ಬರೆಸಿ. ಮೈಕ್ರೋಸೆಕೆಂಡನ್ನು 58ರಿಂದ ಭಾಗಿಸಿದರೆ ಸೆಂಟಿಮೀಟರ್. 58 ಯಾಕೆ ಅನ್ನೋದನ್ನ ಶಬ್ದದ ವೇಗದಿಂದ ಮಕ್ಕಳ ಕೈಲೇ ಲೆಕ್ಕ ಹಾಕಿಸಿ, ಹೋಗಿ ಬರೋ ಎರಡು ದಾರಿ ಸೇರಿಸೋದನ್ನ ಮರೆಯದ ಹಾಗೆ.

ಲ್ಯಾಬ್_ಮೇಷ್ಟ್ರು:
ಅಳೆದೆ. 8.9 ಇದ್ದದ್ದು ಗಾಲಿ ಜಗ್ಗಿದಾಗ 4ಕ್ಕೆ ಬಿತ್ತು, ಎಲ್‌ಇಡಿಯೂ ಮಿಣುಕಿತು. ಇಎನ್‌ಎ 5ಕ್ಕೆ ಹಾಕಿದ ಮೇಲೆ ಎಡಗಾಲಿ 150ಕ್ಕೂ ತಿರುಗ್ತಿದೆ. ಇಬ್ಬರಿಗೂ ಧನ್ಯವಾದ. ಒಂದೇ ಬೆಲೆ ಕೊಟ್ಟರೂ ಗಾಡಿ ಬಲಕ್ಕೆ ವಾಲುತ್ತಲ್ಲ? ಮತ್ತೆ, ಪ್ರೋಗ್ರಾಮನ್ನು ಪರದೆಯಲ್ಲಿ ಜೋಡಿಸೋ ಬ್ಲಾಕ್‌ನಿಂದ ಶುರು ಮಾಡೋದೋ, ನೇರ ಕೋಡೋ?

ಹಳದಿ_ಗೇರು:
ವಾಲೋದು ಸಹಜ, ಎರಡು ಬಿಒ ಮೋಟಾರ್ ಯಾವತ್ತೂ ಒಂದೇ ವೇಗದಲ್ಲಿ ಓಡಲ್ಲ. ನೆಲದ ಮೇಲೆ 2 ಮೀಟರ್ ಟೇಪ್ ಎಳೆದು ಅದರ ಮೇಲೆ ಬಿಡಿ. ಬಲಕ್ಕೆ ವಾಲಿದರೆ ಎಡದ ಬೆಲೆಯನ್ನು ಐದೈದೇ ಇಳಿಸುತ್ತಾ ಬನ್ನಿ. ಕಂಡುಕೊಂಡ ಜೋಡಿಯನ್ನು, ಉದಾಹರಣೆಗೆ 170 ಮತ್ತು 180, ಆಯಾ ಗಾಡಿಯ ಮೇಲೇ ಅಂಟಿಸಿ. ಒಂದು ಗಾಡಿಯ ಸಂಖ್ಯೆ ಇನ್ನೊಂದಕ್ಕೆ ಆಗಲ್ಲ. ಬೆಲೆ ತೀರಾ ಇಳಿದರೆ ಮೋಟಾರ್ ಕುಂಯ್ ಅನ್ನುತ್ತೆ, ತಿರುಗಲ್ಲ.

ಶುರು ಬ್ಲಾಕ್‌ನಿಂದಲೇ ಮಾಡಿ. ಬ್ಲಾಕ್ ಜೋಡಿಸೋ ಸಾಫ್ಟ್‌ವೇರ್ ಎಂಬ್ಲಾಕ್‌ನಲ್ಲಿ ಜೋಡಿಸಿದ ಬ್ಲಾಕಿನ ಪಕ್ಕದಲ್ಲೇ ಕೋಡ್ ಕಾಣುತ್ತೆ, ಮಕ್ಕಳು ತಾವೇ ದಾಟಿಕೊಳ್ತಾರೆ. ಆದರೆ ಲೈವ್ ಮೋಡ್‌ನಲ್ಲಿ ಪ್ರೋಗ್ರಾಮ್ ಓಡೋದು ಕಂಪ್ಯೂಟರಿನಲ್ಲಿ, ಕೇಬಲ್ ತೆಗೆದರೆ ಗಾಡಿ ನಿಲ್ಲುತ್ತೆ. ಓಡಾಡಿಸೋಕೆ ಅಪ್‌ಲೋಡ್ ಮೋಡ್ ಬೇಕು. ಮೊದಲ ಪಾಠಕ್ಕೆ ಗಾಡಿಯೇ ಬೇಡ. ಒಂದು ಕೆಂಪು ಎಲ್‌ಇಡಿ, 220 ಓಮ್ ರೆಸಿಸ್ಟರ್ ಸಾಕು. ಬೋರ್ಡಿನ 5 ವೋಲ್ಟಿನಲ್ಲಿ ಎಲ್‌ಇಡಿಯ 2 ವೋಲ್ಟ್ ಕಳೆದು 220ರಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರ್. ಮೊದಲು ಲೆಕ್ಕ, ಆಮೇಲೆ ಮೀಟರಿನಲ್ಲಿ ಅಳತೆ. ನಿಮ್ಮ 8.9 ಮತ್ತು 4 ಇವೆಯಲ್ಲ, ಅವನ್ನೂ ಒಂದು ಪಾಠ ಮಾಡಿ, ಅದಕ್ಕಿಂತ ಒಳ್ಳೇ ಉದಾಹರಣೆ ಸಿಗಲ್ಲ.

ಬೆಂಗಳೂರಿನ ಕಡೆ ಬಂದರೆ ಎಸ್.ಪಿ. ರೋಡಿನಲ್ಲಿ ನಾಲ್ಕು ಬಿಒ ಮೋಟಾರ್ ಹೆಚ್ಚುವರಿ ತಗೊಳ್ಳಿ. ಅದರ ಹಿಂಬದಿಯ ತಾಮ್ರದ ಕಾಲು ಕಾಗದದಷ್ಟು ತೆಳು. ವೈರ್ ಎರಡು ಸಲ ಎಳೆದಾಡಿದರೆ ಬುಡದಲ್ಲೇ ಮುರಿಯುತ್ತೆ, ಆಮೇಲೆ ಸೋಲ್ಡರ್ ಹಿಡಿಯೋಕೆ ಜಾಗವೇ ಇರಲ್ಲ. ಹೊಸದಕ್ಕೆ ವೈರ್ ಬೆಸೆದ ಕೂಡಲೇ, ಮೋಟಾರಿನ ಮೈಗೆ ಅದನ್ನು ಜಿಪ್ ಟೈನಿಂದ ಬಿಗಿದು ಕಾಲಿನ ಬುಡಕ್ಕೆ ಒಂದು ಹನಿ ಹಾಟ್ ಗ್ಲೂ ಹಾಕಿ.