ಹಳೇ ಮೋಟರ್‌ಹೋಮ್: ಎರಡನೇ ಟ್ಯಾಂಕ್, ಹೊಸ ಫ್ಯೂಯಲ್ ಲೈನ್

ಪ್ರಶ್ನೆ: 1970ರ ದಶಕದ ಮೋಟರ್‌ಹೋಮ್ (ಒಳಗೇ ವಾಸಕ್ಕೆ ಜಾಗವಿರುವ ಗಾಡಿ), ಕಾರ್ಬುರೇಟರ್ ಪೆಟ್ರೋಲ್ ಎಂಜಿನ್. ಈಗಿರುವ ಟ್ಯಾಂಕ್ ಜೊತೆ 100 ಲೀಟರ್‌ದು ಇನ್ನೊಂದು ಕೂರಿಸಬಹುದಾ? ಬಿಸಿಲಲ್ಲಿ ಏರು ಹತ್ತುವಾಗ ಎಂಜಿನ್ ಮುಕ್ಕರಿಸಿ ನಿಲ್ಲುತ್ತೆ. ಲೈನೂ ಬದಲಿಸಬೇಕಾ?

ಉತ್ತರ 1: ಮೊದಲು ಲೈನ್, ಆಮೇಲೆ ಟ್ಯಾಂಕ್. ಲಕ್ಷಣ ವೇಪರ್ ಲಾಕ್‌ನದ್ದೇ, ಅಂದರೆ ಲೈನಲ್ಲಿ ಆವಿ ತುಂಬಿ ಪೆಟ್ರೋಲ್ ಹರಿವು ನಿಲ್ಲೋದು. ಎಂಜಿನ್ ಪಕ್ಕದ ಮೆಕ್ಯಾನಿಕಲ್ ಪಂಪ್ ಟ್ಯಾಂಕ್‌ನಿಂದ ಅಷ್ಟು ದೂರ ಎಳೆದಾಗ ಒತ್ತಡ ಇಳಿದು, ಪೆಟ್ರೋಲ್ ಪೈಪಲ್ಲೇ ಆವಿಯಾಗುತ್ತೆ. ಹೋಸ್ ಬಗ್ಗಿಸಿ ನೋಡಿ: ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ಒಳಗೆಳೆಯುತ್ತೆ, ಹೊರಗೆ ಒಂದು ಹನಿ ಸೋರಲ್ಲ. ಇದರಲ್ಲೇ ಎಲ್ಲರೂ ಮೋಸ ಹೋಗೋದು.

ಉತ್ತರ 2: ಪೆಟ್ರೋಲ್‌ಗೆ ಬೆರೆಸುವ ಎಥನಾಲ್ ತಡೆಯುವ 30ಆರ್9 ದರ್ಜೆಯ ಹೋಸ್ ಹಾಕಿ, ಹಳೇ ರಬ್ಬರ್ ಮೆತ್ತಗಾಗಿ ಪುಡಿ ಉದುರಿ ಜೆಟ್ (ಕಾರ್ಬುರೇಟರ್‌ನ ಸಣ್ಣ ತೂತು) ಕಟ್ಟುತ್ತೆ. ಉದ್ದದ ಓಟಕ್ಕೆ ಲೋಹದ ಪೈಪೇ ಇರಲಿ, ಸೈಲೆನ್ಸರ್‌ನಿಂದ ದೂರ. ಎಲೆಕ್ಟ್ರಿಕ್ ಪಂಪ್ ಟ್ಯಾಂಕ್ ಹತ್ತಿರ, ತಗ್ಗಿನಲ್ಲಿ. ಒತ್ತಡ ಕಾರ್ಬುರೇಟರ್‌ಗೆ ತಕ್ಕಷ್ಟೇ. ಹೆಚ್ಚು ಒತ್ತಡದ ಇಂಜೆಕ್ಷನ್ ಪಂಪ್ ಹಾಕಿದರೆ ಫ್ಲೋಟ್ ನೀಡಲ್ (ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ಮುಚ್ಚುವ ಸೂಜಿ) ತಡೆಯದೆ ಓವರ್‌ಫ್ಲೋ ಆಗುತ್ತೆ. ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ವೈರ್ ಮಾಡಿ, ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು.

ಉತ್ತರ 3: ಟ್ಯಾಂಕ್ ಲೆಕ್ಕ: ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 1000ದಿಂದ ಭಾಗಿಸಿ. 100×40×25 ಅಂದರೆ 100 ಲೀಟರ್. ಹಿಗ್ಗಲು ಜಾಗ ಬಿಟ್ಟು 95 ತುಂಬಿ. ಪೆಟ್ರೋಲೇ ಸುಮಾರು 70 ಕಿಲೋ, ಹಿಂದಿನ ಆಕ್ಸಲ್‌ನ ಮಿತಿ ನೋಡಿಕೊಳ್ಳಿ. ಗಾಳಿ ಒಳಬಿಡುವ ವೆಂಟ್ ಪೈಪ್ ಮರೆತರೆ ಟ್ಯಾಂಕ್ ಒಳಕ್ಕೆ ಸೊಟ್ಟಗಾಗುತ್ತೆ. ಗಾಡಿಯಲ್ಲಿ ಕರೆಂಟ್‌ಗೆ ಜನರೇಟರ್ ಇದ್ದರೆ ಅದಕ್ಕೆ ಟ್ಯಾಂಕ್‌ನಿಂದ ಪೆಟ್ರೋಲ್ ಎಳೆಯುವ ಬೇರೆ ಪಿಕಪ್ ಕೊಳವೆ, ಅದರ ತುದಿ ಎಂಜಿನ್‌ನದ್ದಕ್ಕಿಂತ ಮೇಲೆ; ಆಗ ಜನರೇಟರ್ ಟ್ಯಾಂಕ್ ಪೂರ್ತಿ ಖಾಲಿ ಮಾಡಲ್ಲ. ಹಳೇ ಟ್ಯಾಂಕ್‌ಗೆ ವೆಲ್ಡಿಂಗ್ ಮಾತ್ರ ಬೇಡ, ಖಾಲಿ ಇದ್ದರೂ ಆವಿ ಸಿಡಿಯುತ್ತೆ.