ಹಳೇ ಕಾಲದ ಲೂಟ್‌ಗೆ ಯಾವ ತಂತಿ, ಹಾಡಿಗೆ ಜೊತೆ ಹೇಗೆ ನುಡಿಸೋದು? ಅನುಭವ ಇದ್ದವರು ಹೇಳಿ

ಪ್ರಶ್ನೆ, ಊಟ್ರೆಕ್ಟ್‌ನಿಂದ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಈಗ ಹಾಲೆಂಡಿನಲ್ಲಿದ್ದೇನೆ. ಚಿಕ್ಕಂದಿನಲ್ಲಿ ವೀಣೆ ಕಲಿತೆ, ಆಮೇಲೆ ಕ್ಲಾಸಿಕಲ್ ಗಿಟಾರ್. ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ರಿನೈಸಾನ್ಸ್ ಲೂಟ್ (ಯುರೋಪಿನ ಹಳೆಯ ತಂತಿವಾದ್ಯ) ಕೊಂಡಿದ್ದೇನೆ. 8 ಜೋಡಿ, ತಂತಿಯ ಉದ್ದ 60 ಸೆಂ.ಮೀ. ಹಾಕಿರುವ ತಂತಿ ಯಾವ ಅಳತೆಯವು ಅಂತ ಮಾರಿದವರಿಗೂ ಗೊತ್ತಿಲ್ಲ. ಮೊದಲ ತಂತಿ ಮತ್ತೆ ಮತ್ತೆ ಕಿತ್ತುಹೋಗುತ್ತಿದೆ, ಕತ್ತಿಗೆ ಕಟ್ಟಿರುವ ಕರುಳಿನ ಮೆಟ್ಟಿಲು, ಅಂದರೆ ಫ್ರೆಟ್‌ಗಳು ಜಾರುತ್ತಿವೆ. ಸ್ನೇಹಿತೆಯೊಬ್ಬಳು 1600ರ ಸುಮಾರಿನ ಇಂಗ್ಲಿಷ್ ಲೂಟ್ ಸಂಗೀತಗಾರ ಜಾನ್ ಡೌಲೆಂಡ್ ಅವರ ಹಾಡುಗಳನ್ನು ಹಾಡುತ್ತಾಳೆ, ಚಳಿಗಾಲದಲ್ಲಿ ಚರ್ಚಿನಲ್ಲಿ ಜೊತೆಗೆ ನುಡಿಸು ಅಂತ ಕೇಳಿದ್ದಾಳೆ. ಕರುಳಿನ ತಂತಿಯೋ ಸಿಂಥೆಟಿಕ್ಕೋ? ಉಗುರು ತೆಗೆಯಲೇಬೇಕಾ? ಹಾಡಿಗೆ ಜೊತೆ ಕೊಡುವಾಗ ಏನು ನೋಡಿಕೊಳ್ಳಬೇಕು?

ಉತ್ತರ, ಬ್ರೆಮೆನ್‌ನಿಂದ

ಮೇಡಂ, ತಂತಿ ತರಿಸುವ ಮುಂಚೆ ಒಂದು ವಿಷಯ ನೋಡಿ. ಆ ಮೊದಲ ತಂತಿ ಎಲ್ಲಿ ಕೀಳುತ್ತಿದೆ? ನಟ್ (ತಲೆಯ ಕಡೆ ತಂತಿಗಳು ಕೂರುವ ಪಟ್ಟಿ) ಹತ್ತಿರ ಆದರೆ ಅಲ್ಲಿನ ಗೀರು ಚೂಪಾಗಿದೆ, ನಯವಾಗಿ ಉಜ್ಜಿ ಪೆನ್ಸಿಲ್ ಸೀಸ ಬಳಿದರೆ ಸಾಕಾಗುತ್ತದೆ. ಕುದುರೆ (ಬ್ರಿಡ್ಜ್) ಹತ್ತಿರ ಆದರೆ ಗಂಟು ಅಥವಾ ತೂತಿನ ಅಂಚು ಕಾರಣ. ಎರಡೂ ಅಲ್ಲದೆ ನಡುವೆ ಎಲ್ಲೋ ಕಿತ್ತರೆ ಶ್ರುತಿಯೇ ಜಾಸ್ತಿಯಾಗಿದೆ.

ಗಿಟಾರ್‌ನಿಂದ ಬಂದವರಿಗೆ ದಪ್ಪ ತಂತಿ ಹಾಕಿದರೆ ಕೀಳುವುದಿಲ್ಲ ಅನ್ನಿಸುತ್ತದೆ. ಹಾಗಾಗುವುದಿಲ್ಲ. ತಂತಿ ದಪ್ಪವಾದಷ್ಟೂ ಅದೇ ಸ್ವರಕ್ಕೆ ಏರಿಸಲು ಎಳೆತವೂ ಅಷ್ಟೇ ಜಾಸ್ತಿ ಬೇಕು, ಆದ್ದರಿಂದ ಅದು ಕೀಳುವ ಸ್ವರ ಹೆಚ್ಚು ಕಡಿಮೆ ಅಲ್ಲೇ ಇರುತ್ತದೆ. ಲೆಕ್ಕಕ್ಕೆ ಬರುವುದು ಉದ್ದ ಮತ್ತು ಸ್ವರ. ಮೀಟರಿನಲ್ಲಿ ಉದ್ದವನ್ನು ಹರ್ಟ್ಜ್‌ನಲ್ಲಿ ಸ್ವರದಿಂದ ಗುಣಿಸಿ. ಕರುಳಿನ ತಂತಿ 260ರ ಹತ್ತಿರ ಕೀಳುತ್ತದೆ, 240ರ ಒಳಗೆ ಇಟ್ಟುಕೊಂಡರೆ ಕ್ಷೇಮ. ನಿಮ್ಮದು 60 ಸೆಂ.ಮೀ., ಎ 440 (ಎ ಸ್ವರ 440 ಹರ್ಟ್ಜ್ ಇರುವ ಇಂದಿನ ಶ್ರುತಿ) ಇಟ್ಟರೆ ಮೊದಲ ತಂತಿಯ ಜಿ 392 ಹರ್ಟ್ಜ್, ಗುಣಿಸಿದರೆ 235. ಅಂದರೆ ಆಗುತ್ತದೆ, ಆದರೆ ಅಂಚಿಗೆ ಹತ್ತಿರ. 67 ಸೆಂ.ಮೀ. ಲೂಟ್‌ನಲ್ಲಿ ಅದೇ ಜಿ ಕೇಳಿದರೆ ಕೀಳದೆ ಇರುವುದಿಲ್ಲ.

ಅಳತೆ: ಮೊದಲನೆಯದು ಒಂಟಿ ತಂತಿ, ಕರುಳು ಅಥವಾ ನೈಲ್ಗಟ್ ಎಂಬ ಸಿಂಥೆಟಿಕ್, 0.42 ಮಿ.ಮೀ. ಎಳೆತ ಸುಮಾರು 4 ಕೆ.ಜಿ. ಬರುತ್ತದೆ. ಎರಡನೇ ಜೋಡಿ ಡಿ 0.48, ಮೂರನೇ ಜೋಡಿ ಎ 0.64. ಇವು ತಂತಿಗೆ 3 ಕೆ.ಜಿ. ಲೆಕ್ಕ. ಕ್ಲಾಸಿಕಲ್ ಗಿಟಾರ್‌ನಲ್ಲಿ ತಂತಿಗೆ 6-7 ಕೆ.ಜಿ. ಇರುತ್ತದೆ ಅಲ್ವಾ? ಆ ಬಿಗಿಯನ್ನು ಇಲ್ಲಿ ತರಬೇಡಿ. ಲೂಟ್‌ನ ಮೇಲ್ಹಲಗೆ ಒಂದೂವರೆ ಮಿ.ಮೀ. ಆಸುಪಾಸು ಅಷ್ಟೇ, ಅದರ ಮೇಲೆ 15 ತಂತಿ ಕೂತಿವೆ. ಹಲಗೆಯ ಮಾತು ಬಿಟ್ಟರೂ, ಬಿಗಿ ತಂತಿ ನಿಮ್ಮ ಕೈಯನ್ನು ಮತ್ತೆ ಗಿಟಾರ್ ಕೈಯನ್ನಾಗಿ ಮಾಡಿಬಿಡುತ್ತದೆ. ಹಗುರವಾದ ಎಳೆತ ಇದ್ದರೆ ಬಲಗೈ ತಾನಾಗಿ ಮೆತ್ತಗಾಗುತ್ತದೆ. ನನ್ನ ಪ್ರಕಾರ ಲೂಟ್ ಕಲಿಯುವುದು ಶುರುವಾಗುವುದೇ ಇಲ್ಲಿಂದ.

ಅಳತೆ ಓದುವಾಗ ಯಾವ ವಸ್ತು ಅಂತ ನೋಡಿ. ನೈಲ್ಗಟ್ ಅನ್ನುವುದು ಇಟಲಿಯ ವಿಚೆನ್ಸಾದ ಅಕ್ವಿಲಾದವರು ಮಾಡುವ ಸಿಂಥೆಟಿಕ್, ತೂಕದಲ್ಲಿ ಕರುಳಿನಷ್ಟೇ ಇರುವಂತೆ ಮಾಡಿದ್ದಾರೆ. ಸಾದಾ ನೈಲಾನ್ ಹಗುರ, 0.42ರ ಬದಲು 0.45 ಬೇಕು. ಕಾರ್ಬನ್ (ಫ್ಲೋರೋಕಾರ್ಬನ್ ಪ್ಲಾಸ್ಟಿಕ್) ಭಾರ, 0.36 ಸಾಕು. ಕಾರ್ಬನ್ನಿನ ದನಿ ಮೇಲಿನ ತಂತಿಯಲ್ಲಿ ನನಗೆ ತೀರಾ ಚುರುಕು ಅನ್ನಿಸುತ್ತದೆ, ನಾಲ್ಕನೇ ಜೋಡಿಗೆ ಮಾತ್ರ ಚೆನ್ನ.

ಉತ್ತರ, ಲಂಡನ್‌ನಿಂದ

ಮೇಲಿನವರ ಲೆಕ್ಕ ಸರಿ. ಆದರೆ ಕರುಳನ್ನು ಒಂದು ಸಲವಾದರೂ ಹಾಕಿ ನೋಡಿ ಅಂತ ನಾನು ಹೇಳುತ್ತೇನೆ. ಬೆರಳಿಗೆ ಒಂಚೂರು ಒರಟಾಗಿ ಸಿಗುತ್ತದೆ, ಜಾರುವುದಿಲ್ಲ. ದನಿ ಬೇಗ ಅಡಗುತ್ತದೆ, ಅದರಿಂದ ಒಳಗಿನ ಪಂಕ್ತಿಗಳು ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಕೇಳುತ್ತವೆ. ಸವೆದಾಗ ತಂತಿಯ ಮೈಮೇಲೆ ಕೂದಲಿನಂಥ ಎಳೆ ಎದ್ದು ನಿಲ್ಲುತ್ತದೆ. ಅದನ್ನು ಎಳೆಯಬೇಡಿ, ಎಳೆದರೆ ಉದ್ದಕ್ಕೂ ಸುಲಿಯುತ್ತದೆ. ನೇಲ್ ಕಟರ್‌ನಿಂದ ಬುಡಕ್ಕೆ ಕತ್ತರಿಸಿ, ಇನ್ನೂ ಸ್ವಲ್ಪ ದಿನ ಬರುತ್ತದೆ.

ನನ್ನ ಲೂಟ್‌ನಲ್ಲಿ ಮೊದಲ ತಂತಿ ನೈಲ್ಗಟ್, 2ರಿಂದ 5 ಕರುಳು. ಮಂದ್ರದ ಕಡೆ ಬಂದಾಗ ಸಮಸ್ಯೆ ಬೇರೆ. ಆರನೇ ಜೋಡಿಯ ಜಿ ಸ್ವರಕ್ಕೆ ಬರೀ ಕರುಳು ಹಾಕಿದರೆ 1.4 ಮಿ.ಮೀ. ದಾಟುತ್ತದೆ, ಮಂಕಾಗಿ ಕೇಳುತ್ತದೆ. ಲೋಹ ಸುತ್ತಿದ ತಂತಿ ಬಂದದ್ದು 17ನೇ ಶತಮಾನದ ಎರಡನೇ ಅರ್ಧದಲ್ಲಿ. ಡೌಲೆಂಡ್ ತೀರಿಕೊಂಡದ್ದು 1626ರಲ್ಲಿ, ಅವರ ಕೈಗೆ ಅದು ಸಿಕ್ಕಿರಲಿಲ್ಲ. ಹಿಂದಿನವರು ಮಂದ್ರ ತಂತಿಯ ಪಕ್ಕದಲ್ಲೇ ಒಂದು ಅಷ್ಟಕ (ಸ್ಥಾಯಿ) ಮೇಲಿನ ತೆಳು ತಂತಿ ಜೋಡಿಸುತ್ತಿದ್ದರು, ಅದು ಮಂಕುತನವನ್ನು ತೆಗೆಯುತ್ತದೆ. ಈಗ ಸುತ್ತಿದ ತಂತಿ ಹಾಕಿದರೂ ಆ ಅಷ್ಟಕದ ಜೋಡಿ ಬಿಡಬೇಡಿ. ಹೊಸದಾಗಿ ಸುತ್ತಿದ ತಂತಿ ಗಂಟೆ ಹೊಡೆದ ಹಾಗೆ ಮೊಳಗುತ್ತದೆ, ಸ್ವಲ್ಪ ವಾರ ನುಡಿಸಿದ ಮೇಲೆ ತಣ್ಣಗಾಗುತ್ತದೆ. ತಾಮ್ರದ ಪುಡಿ ಬೆರೆಸಿದ ತಂತಿಗಳೂ ಸಿಗುತ್ತವೆ, ಆ ಮೊಳಗು ಅವುಗಳಲ್ಲಿ ಕಡಿಮೆ.

ಇನ್ನೊಂದು ಮಾತು. ಇದು ಕುರಿಯ ಕರುಳು. ಮನೆಯಲ್ಲಿ ಸಸ್ಯಾಹಾರಿಗಳಾಗಿದ್ದು ಮುಟ್ಟಲು ಮನಸ್ಸು ಬಾರದಿದ್ದರೆ ಸಂಕೋಚ ಬೇಡ, ಪೂರ್ತಿ ನೈಲ್ಗಟ್‌ನಲ್ಲಿ ಕಛೇರಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ.

ಉತ್ತರ, ಬಾಸೆಲ್‌ನಿಂದ

ಉಗುರಿನ ಪ್ರಶ್ನೆಗೆ: ತೆಗೆಯಿರಿ. ಉಗುರಿನಿಂದ ನುಡಿಸಿದವರು ಆಗಲೂ ಇದ್ದರು, ಇಟಲಿಯ ಲೂಟ್ ವಾದಕ ಪಿಚ್ಚಿನೀನಿ 1623ರಲ್ಲಿ ಅದರ ಬಗ್ಗೆ ಬರೆದಿದ್ದಾರೆ. ಆದರೆ ಜೋಡಿ ತಂತಿಯಲ್ಲಿ ಉಗುರು ಒಂದನ್ನೇ ಕಚ್ಚುತ್ತದೆ. ಬೆರಳ ತುದಿಯ ಮಾಂಸಕ್ಕೆ ಎರಡೂ ಒಟ್ಟಿಗೆ ಸಿಗುತ್ತವೆ. ಮೊದಲು ಎರಡು ತಂತಿಯನ್ನೂ ಮೇಲ್ಹಲಗೆಯ ಕಡೆಗೆ ಒಂಚೂರು ಒತ್ತಿ, ಆಮೇಲೆ ಬಿಡಿ. ಕಿತ್ತೆಳೆಯಬೇಡಿ.

ಕೈ ಇಡುವ ರೀತಿ: ಕಿರುಬೆರಳು ಮೇಲ್ಹಲಗೆಯ ಮೇಲೆ, ಕುದುರೆಯ ಮುಂದೆ ಸುಮ್ನೆ ತಾಗಿರಲಿ. ಮುಂಗೈ ಹೆಚ್ಚು ಕಡಿಮೆ ತಂತಿಗಳ ಉದ್ದಕ್ಕೆ ಬರಲಿ. ಹೆಬ್ಬೆರಳು ತೋರುಬೆರಳಿನ ಕೆಳಗೆ, ಅಂಗೈ ಒಳಗೆ ಚಲಿಸುತ್ತದೆ. ಹೆಬ್ಬೆರಳ ಏಟು ಗಟ್ಟಿ, ತೋರುಬೆರಳದು ಮೆದು. ಹೀಗೆ ಗಟ್ಟಿ-ಮೆದು, ಗಟ್ಟಿ-ಮೆದು ಅಂತ ಓಟ ಸಾಗುತ್ತದೆ. ಟ್ಯಾಬ್ಲೇಚರ್‌ನಲ್ಲಿ (ಯಾವ ತಂತಿಯಲ್ಲಿ ಯಾವ ಫ್ರೆಟ್ ಅಂತ ಅಕ್ಷರಗಳಲ್ಲಿ ತೋರಿಸುವ ಲೂಟ್ ಲಿಪಿ) ಅಕ್ಷರದ ಕೆಳಗೆ ಒಂದು ಚುಕ್ಕೆ ಇದ್ದರೆ ತೋರುಬೆರಳು ಅಂತ. ಆ ಚುಕ್ಕೆಗಳನ್ನು ನಿರ್ಲಕ್ಷಿಸಬೇಡಿ, ಲಯದ ಏರಿಳಿತ ಇರುವುದು ಅದರಲ್ಲೇ.

1600ರ ಹೊತ್ತಿಗೆ ಈ ರೀತಿ ಬದಲಾಗುತ್ತಿತ್ತು. 1610ರಲ್ಲಿ ಡೌಲೆಂಡರ ಮಗ ರಾಬರ್ಟ್ ಅಚ್ಚು ಹಾಕಿಸಿದ ಸಂಗ್ರಹದಲ್ಲಿ ಲೂಟ್ ವಾದಕ ಬೆಸಾರ್ ಅವರ ಸಲಹೆಗಳಿವೆ, ಅಲ್ಲಿ ಹೆಬ್ಬೆರಳನ್ನು ಹೊರಗೆ ಚಾಚಿ ಅಂತಲೇ ಇದೆ. ಹಾಗಾಗಿ ಡೌಲೆಂಡ್‌ಗೆ ಎರಡೂ ನಡೆಯುತ್ತದೆ. ಆದರೂ ಗಿಟಾರ್ ಅಭ್ಯಾಸ ಇರುವವರು ಮೊದಲು ಹೆಬ್ಬೆರಳು ಒಳಗಿಟ್ಟೇ ಕಲಿಯುವುದು ಒಳ್ಳೆಯದು, ಹಳೆಯ ಕೈ ಮರೆಯಲು ಅದು ಸಹಾಯ ಮಾಡುತ್ತದೆ.

ವೀಣೆ ಕಲಿತವರಿಗೆ ಒಂದು ಎಚ್ಚರಿಕೆ, ಎಡಗೈಯದು. ಗಮಕಕ್ಕೆ ತಂತಿಯನ್ನು ಅಡ್ಡ ಎಳೆಯುವ ಅಭ್ಯಾಸ ಬೆರಳಲ್ಲಿ ಕೂತಿರುತ್ತದೆ. ಇಲ್ಲಿ ಒಂಚೂರು ಅಡ್ಡ ಹೋದರೂ ಜೋಡಿಯ ಎರಡು ತಂತಿ ಬೇರೆ ಬೇರೆ ಶ್ರುತಿಗೆ ಹೋಗುತ್ತವೆ. ಫ್ರೆಟ್‌ನ ಹಿಂದೆಯೇ, ನೇರ ಕೆಳಗೆ, ಹಗುರವಾಗಿ ಒತ್ತಿ.

ಉತ್ತರ, ಮತ್ತೆ ಬ್ರೆಮೆನ್‌ನಿಂದ

ಫ್ರೆಟ್ ವಿಷಯ ಬಿಟ್ಟುಹೋಗಿತ್ತು. ಅದನ್ನು ಕೂರಬೇಕಾದ ಜಾಗದಲ್ಲಿ ಕಟ್ಟಬೇಡಿ. ಒಂದೆರಡು ಸೆಂ.ಮೀ. ನಟ್ ಕಡೆಗೆ ಕಟ್ಟಿ, ಆಮೇಲೆ ಕೆಳಕ್ಕೆ ತಳ್ಳಿ. ಕತ್ತು ಕೆಳಗೆ ಅಗಲವಾಗುವುದರಿಂದ ತಾನಾಗಿ ಬಿಗಿಯುತ್ತದೆ. ಗಂಟು ಮಂದ್ರ ತಂತಿಯ ಕಡೆಯ ಅಂಚಿಗೆ ಬರಲಿ. ಉಳಿದ ತುದಿಗಳನ್ನು 3 ಮಿ.ಮೀ. ಬಿಟ್ಟು ಕತ್ತರಿಸಿ ಊದುಬತ್ತಿಯ ಕೆಂಡ ತಾಗಿಸಿ. ಕರುಳು ಸುಟ್ಟು ಪುಟ್ಟ ಗುಂಡಾಗಿ ಊದಿಕೊಳ್ಳುತ್ತದೆ, ಆಮೇಲೆ ಗಂಟು ಬಿಚ್ಚಿಕೊಳ್ಳುವುದಿಲ್ಲ. ದಪ್ಪ ಮೊದಲ ಫ್ರೆಟ್‌ಗೆ 1 ಮಿ.ಮೀ. ಹತ್ತಿರ ಇರಲಿ, ಕೆಳಗೆ ಹೋಗುತ್ತಾ ತೆಳುವಾಗಲಿ.

ಜಾಗಕ್ಕೆ ಹಳೆಯ ಲೆಕ್ಕ ಒಂದಿದೆ, ಗೆಲಿಲಿಯೋನ ತಂದೆ ವಿಂಚೆನ್ಸೊ ಗೆಲಿಲಿ ಬರೆದದ್ದು. ಅವರೂ ಲೂಟ್ ನುಡಿಸುತ್ತಿದ್ದರು. ಉಳಿದ ಉದ್ದವನ್ನು ಪ್ರತಿ ಸಲ 18 ಭಾಗ ಮಾಡಿ ಒಂದು ಭಾಗ ಮುಂದೆ ಹೋಗುವುದು. 60 ಸೆಂ.ಮೀ.ಗೆ ಮೊದಲ ಫ್ರೆಟ್ 3.3 ಸೆಂ.ಮೀ.ಗೆ ಬರುತ್ತದೆ. ಶುರುವಿಗೆ ಇದು ಸಾಕು. ಮುಂದೆ ಮೀನ್‌ಟೋನ್ (ಅರ್ಧಸ್ವರಗಳು ದೊಡ್ಡದು-ಸಣ್ಣದು ಅಂತ ಎರಡು ಬಗೆ ಇರುವ ಹಳೆಯ ಶ್ರುತಿ ಪದ್ಧತಿ) ಬೇಕೆನಿಸಿದರೆ ಮೊದಲ ಫ್ರೆಟ್ ಹತ್ತಿರವೇ ತೊಡಕು: ಮೂರನೇ ಜೋಡಿಯ ಬಿ ಫ್ಲಾಟ್‌ಗೆ ಅದು ದೂರ ಇರಬೇಕು, ನಾಲ್ಕನೇ ಜೋಡಿಯ ಎಫ್ ಶಾರ್ಪ್‌ಗೆ ಹತ್ತಿರ ಇರಬೇಕು. ಹಾಡಿನಲ್ಲಿ ಯಾವುದು ಜಾಸ್ತಿ ಬರುತ್ತದೋ ಅದರ ಕಡೆಗೆ ಸರಿಸಿಕೊಳ್ಳಿ. ಫ್ರೆಟ್ ಕಟ್ಟಿದ್ದರಿಂದ ಸಿಗುವ ಅನುಕೂಲವೇ ಇದು.

ಉತ್ತರ, ಲೈಡನ್‌ನಿಂದ

ನಾನು ಹಾಡುವವಳು, ಲೂಟ್ ಜೊತೆ ಹಾಡುತ್ತಾ ಬಂದಿದ್ದೇನೆ. ಆ ಕಡೆಯಿಂದ ಹೇಳುತ್ತೇನೆ.

ಡೌಲೆಂಡ್ 1597ರ ಮೊದಲ ಪುಸ್ತಕವನ್ನು ಮೇಜಿನ ಸುತ್ತ ಕೂತು ಹಾಡುವ ಹಾಗೆ ಅಚ್ಚು ಹಾಕಿಸಿದರು. ಒಂದು ಪುಟದಲ್ಲಿ ಮೇಲಿನ ದನಿ, ಅದರ ಕೆಳಗೇ ಲೂಟ್‌ನ ಟ್ಯಾಬ್ಲೇಚರ್. ಎದುರಿನ ಪುಟದಲ್ಲಿ ಉಳಿದ ದನಿಗಳು ಬೇರೆ ಬೇರೆ ದಿಕ್ಕಿಗೆ ತಿರುಗಿಕೊಂಡಿವೆ. ಅಂದರೆ ಲೂಟ್ ನುಡಿಸುವವರೂ ಸಾಹಿತ್ಯ ನೋಡುತ್ತಲೇ ನುಡಿಸುತ್ತಿದ್ದರು. ನೀವೂ ಬರೀ ಟ್ಯಾಬ್ಲೇಚರ್ ಪ್ರತಿ ಇಟ್ಟುಕೊಳ್ಳಬೇಡಿ, ಸಾಹಿತ್ಯ ಇರುವ ಪ್ರತಿಯನ್ನೇ ಇಟ್ಟುಕೊಳ್ಳಿ. ಮೊದಲು ಹಾಡನ್ನು ನೀವೇ ಹಾಡಿಕೊಂಡು ಮಂದ್ರ ಪಂಕ್ತಿ ಮಾತ್ರ ನುಡಿಸಿ. ಅದು ಗಟ್ಟಿಯಾದ ಮೇಲೆ ನಡುವಿನ ದನಿಗಳನ್ನು ಸೇರಿಸಿ. ಎಲ್ಲಾ ಸ್ವರ ಹಿಡಿಯಲಾಗದ ಕಡೆ ನಡುವಿನದನ್ನು ಬಿಡಿ, ಮಂದ್ರವನ್ನು ಬಿಡಬೇಡಿ. ಎಡಗೈ ಬೆರಳನ್ನು ಮುಂದಿನ ಸ್ವರಕ್ಕೆ ಬೇಕಾಗುವವರೆಗೂ ಎತ್ತಬೇಡಿ. ನುಡಿಸುವವರು ಬೇಗ ಬೆರಳೆತ್ತಿದಾಗ ನನಗೆ ಕಾಲ ಕೆಳಗಿನ ನೆಲ ಹೋದಂತಾಗುತ್ತದೆ.

ಪ್ರತಿ ಸ್ವರಮೇಳವನ್ನೂ ಝಲ್ ಅಂತ ಬಿಡಿಸಿ ನುಡಿಸುವುದು ಬೇಡ. ಭಾರವಾದ ಮಾತು ಬಂದಾಗ ನಿಧಾನ ಬಿಡಿಸಿ, ಉಳಿದ ಕಡೆ ಒಟ್ಟಿಗೆ. ಕರ್ಕಶವಾಗಿ ಉಜ್ಜುವ ಸ್ವರ ಬಂದಾಗ ಒಂಚೂರು ಒತ್ತು ಕೊಟ್ಟು, ಅದು ಬಿಡುಗಡೆಯಾಗುವಾಗ ಮೆದುವಾಗಿ ನುಡಿಸಿ. ನಾನು ಉಸಿರು ತೆಗೆದುಕೊಳ್ಳುವಾಗ ನೀವೂ ತೆಗೆದುಕೊಳ್ಳಿ, ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಶ್ರುತಿ ನಿಮ್ಮ ಸ್ನೇಹಿತೆಗೆ ಎತ್ತರವಾದರೆ ಕಷ್ಟಪಟ್ಟು ಹಾಡಿಸಬೇಡಿ. ಆಗ ಬೇರೆ ಬೇರೆ ಗಾತ್ರದ ಲೂಟ್‌ಗಳಿದ್ದವು, ಟ್ಯಾಬ್ಲೇಚರ್ ಹೇಳುವುದು ಬೆರಳಿಡುವ ಜಾಗವನ್ನು ಮಾತ್ರ. ಒಂದು ಸ್ವರ ಕೆಳಗೆ ಇಳಿಸಿ ಕೂಡಿಸಿ.

ಚರ್ಚಿನಲ್ಲಿ ಗಟ್ಟಿಯಾಗಿ ನುಡಿಸಲು ಹೋಗಬೇಡಿ, ದನಿ ಒರಟಾಗುತ್ತದೆ ಅಷ್ಟೇ. ನೀವು ಹಾಡುವವರಿಗಿಂತ ಒಂದು ಹೆಜ್ಜೆ ಮುಂದೆ ಕೂರಿ, ಲೂಟ್‌ನ ಮುಖ ಜನರ ಕಡೆ ಇರಲಿ, ಹಿಂದೆ ಬರಿಗೋಡೆ ಸಿಕ್ಕರೆ ಇನ್ನೂ ಒಳ್ಳೆಯದು. ದನಿ ತಗ್ಗಿಸಿಕೊಳ್ಳಬೇಕಾದವರು ನಾವು ಹಾಡುವವರು.

ಉತ್ತರ, ಲಂಡನ್‌ನಿಂದ

ಒಂದು ಸ್ವರ ಇಳಿಸುವುದಾದರೆ ಅದೇ ತಂತಿಯಲ್ಲಿ ಎಳೆತ ಐದರಲ್ಲಿ ಒಂದು ಭಾಗ ಇಳಿಯುತ್ತದೆ, ಮಂದ್ರ ತಂತಿ ಫ್ರೆಟ್‌ಗೆ ಬಡಿಯಬಹುದು. ಯಾವಾಗಲೂ ಕೆಳಗೇ ನುಡಿಸುವುದಾದರೆ ಮೊದಲ ತಂತಿ 0.42ರ ಬದಲು 0.47 ಹಾಕಿ, ಉಳಿದವನ್ನೂ ಅದೇ ಅನುಪಾತದಲ್ಲಿ ಏರಿಸಿ.

ಚಳಿಗಾಲದ ಬಗ್ಗೆ: ಇಂಗ್ಲಿಷ್ ಲೂಟ್ ವಾದಕ ಥಾಮಸ್ ಮೇಸ್ 1676ರಲ್ಲಿ, ದಿನಾ ಮಲಗುವ ಹಾಸಿಗೆಯಲ್ಲಿ ಹೊದಿಕೆಗಳ ನಡುವೆ ಲೂಟ್ ಇಡಿ ಅಂತ ಬರೆದರು. ಇಂಗ್ಲೆಂಡಿನ ತೇವಕ್ಕೆ ಅದು ಮದ್ದು. ನಮ್ಮ ಮನೆಗಳಲ್ಲಿ ಈಗ ತೊಂದರೆ ತಿರುಗಾಮುರುಗಾ, ಹೀಟರ್ ಹಾಕಿದರೆ ಗಾಳಿ ಒಣಗಿ ಮೇಲ್ಹಲಗೆ ಬಿರುಕು ಬಿಡುತ್ತದೆ. ತೇವಾಂಶ ಶೇಕಡಾ 45ರಿಂದ 55ರೊಳಗೆ ಇರುವ ಹಾಗೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ತಂತಿ ಕೀಳುತ್ತಿದ್ದದ್ದು ನಟ್ ಹತ್ತಿರವೇ, ಗೀರಿನಲ್ಲಿ ಬೆರಳಿಗೆ ತಾಗುವಷ್ಟು ಅಂಚಿತ್ತು. ಉಜ್ಜಿಸಿ ಸೀಸ ಬಳಿದಿದ್ದೇನೆ, ನೈಲ್ಗಟ್ ತರಿಸುತ್ತಿದ್ದೇನೆ. ಕಛೇರಿಗೆ ಎಷ್ಟು ಮುಂಚೆ ಹಾಕಬೇಕು?

ಉತ್ತರ, ಬ್ರೆಮೆನ್‌ನಿಂದ

ಕನಿಷ್ಠ ಒಂದು ವಾರ ಮುಂಚೆ. ನೈಲ್ಗಟ್ ಶುರುವಿನಲ್ಲಿ ಹಿಗ್ಗುತ್ತಲೇ ಇರುತ್ತದೆ, ದಿನಕ್ಕೆ ಹಲವು ಸಲ ಏರಿಸಬೇಕು. ಎಲ್ಲಾ ತಂತಿ ಒಟ್ಟಿಗೆ ಬಿಚ್ಚಬೇಡಿ, ಒಂದೊಂದಾಗಿ ಬದಲಾಯಿಸಿ. ಆಗಲೇ ಹಿಗ್ಗಿ ಪಳಗಿದ ಒಂದು 0.42 ತಂತಿಯನ್ನು ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಿ. ಅಕಸ್ಮಾತ್ ಕಛೇರಿಯ ನಡುವೆ ಮೊದಲ ತಂತಿ ಹೋದರೂ ಅದು ಹೊಸದಕ್ಕಿಂತ ಬೇಗ ಶ್ರುತಿಯಲ್ಲಿ ನಿಲ್ಲುತ್ತದೆ.