ಗ್ಲೌಸ್ ಹಾಕಿದ್ರೆ ಸಾಕಾ? ವೃದ್ಧಾಶ್ರಮದ ಡ್ರೆಸ್ಸಿಂಗ್ ಬಗ್ಗೆ

ಪ್ರಶ್ನೆ: ನಮಸ್ತೆ ಸಿಸ್ಟರ್. ನಮ್ಮತ್ತೆ ಮೈಸೂರಿನ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಶುಗರ್ ಇದೆ, ಸೊಂಟದ ಹತ್ರ ಬೆಡ್‌ಸೋರ್ (ಮಲಗೇ ಇದ್ದು ಆಗೋ ಹುಣ್ಣು) ಆಗಿದೆ. ಡ್ರೆಸ್ಸಿಂಗ್ ಮಾಡೋ ಹುಡುಗಿ ಗ್ಲೌಸ್ ಹಾಕ್ಕೊಂಡೇ ಮಾಡ್ತಾಳೆ, ಆದ್ರೆ ಒಂದೇ ಟ್ರೇ ಹಿಡ್ಕೊಂಡು ಎಲ್ಲರ ಮಂಚದ ಹತ್ರನೂ ಹೋಗ್ತಾಳೆ. ಪರವಾಗಿಲ್ವಾ?

ಉತ್ತರ: ನನಗೆ ಗ್ಲೌಸಿಗಿಂತ ಆ ಟ್ರೇ ಮೇಲೇ ಅನುಮಾನ. ಮುಂದಿನ ಸಲ ಹೋದಾಗ ಪ್ಲಾಸ್ಟರ್ ರೋಲ್ ನೋಡಿ. ಅಂಚಿಗೆ ಕಪ್ಪಗೆ ಕೊಳೆ, ಹತ್ತಿಯ ಎಳೆ ಅಂಟಿದ್ದರೆ ಅದು ಎಲ್ಲರ ಹಾಸಿಗೆ ಸುತ್ತಿ ಬಂದದ್ದೇ. ಕತ್ತರಿಯೂ ಅಷ್ಟೆ. ಇನ್ನು ಗಾಯ ತೊಳೆಯೋ ಸಲೈನ್ (ಉಪ್ಪುನೀರು) ಬಾಟಲಿಗೆ ಸೂಜಿ ಚುಚ್ಚಿ ಹಾಗೇ ಬಿಟ್ಟು ವಾರಗಟ್ಟಲೆ ಬಳಸೋದು ಬಹಳ ಕಡೆ ಇದೆ. ಒಂದೊಂದು ಡ್ರೆಸ್ಸಿಂಗಿಗೂ ಹೊಸ ಚಿಕ್ಕ ಬಾಟಲಿ ಒಡೆಯೋದು ಒಳ್ಳೇದು. ಅತ್ತೆಯವರ ಹೆಸರು ಬರೆದು ಬೇರೆ ಡಬ್ಬಿ ಇಡಿಸಿ: ಗಾಜ್ ಬಟ್ಟೆ, ಪ್ಲಾಸ್ಟರ್, ಆಯಿಂಟ್‌ಮೆಂಟ್ ಅವರದ್ದೇ ಇರಲಿ. ಕತ್ತರಿ ಒಂದೇ ಆದ್ರೆ ಪ್ರತಿ ಸಲ ತೊಳೆದು ಸ್ಪಿರಿಟ್‌ನಲ್ಲಿ ಒರೆಸಲಿ.

ಗ್ಲೌಸ್ ವಿಷಯ: ಹಳೇ ಪಟ್ಟಿ ಬಿಚ್ಚಿದ ಗ್ಲೌಸಲ್ಲೇ ಹೊಸದು ಕಟ್ಟಬಾರದು. ಬಿಚ್ಚಿದ ಮೇಲೆ ಆ ಗ್ಲೌಸ್ ತೆಗೆದು, ಹ್ಯಾಂಡ್‌ರಬ್ (ಸ್ಯಾನಿಟೈಸರ್) ಹಾಕಿ 20-30 ಸೆಕೆಂಡ್ ಉಜ್ಜಿ, ಬೇರೆ ಗ್ಲೌಸ್. ಕೈಗೆ ಕೊಳೆ ಕಂಡ್ರೆ ಸೋಪು, ನೀರು.

ಪ್ರಶ್ನೆ: ಹೈಡ್ರೋಜನ್ ಪೆರಾಕ್ಸೈಡ್ ಹಾಕ್ತಾರೆ. ನೊರೆ ಬಂದ್ರೆ ಕೀವು ಹೋಯ್ತು ಅಂತಾರೆ.

ಉತ್ತರ: ನೊರೆ ಯಾವ ಗಾಯದಲ್ಲೂ ಬರುತ್ತೆ, ಅದು ಬಂದ ಮಾತ್ರಕ್ಕೆ ಕೀವು ಹೋಯ್ತು ಅಂತಲ್ಲ. ಹೊಸದಾಗಿ ಬರ್ತಿರೋ ಕೆಂಪು ಮಾಂಸವನ್ನೂ ಅದು ಸುಡುತ್ತೆ. ಡಾಕ್ಟರ್ ಬೇರೆ ಏನೂ ಬರೆದುಕೊಡದಿದ್ರೆ ಸಲೈನ್ ಸಾಕು.

ಇನ್ನೊಬ್ಬರು: ಸಿಸ್ಟರ್, ನಾನೇ ಇಂಥ ಕಡೆ ಕೇರ್‌ಟೇಕರ್. ಇರೋಳು ಒಬ್ಬಳೇ, ಡ್ರೆಸ್ಸಿಂಗ್ ಐದಾರು. ಬಿಚ್ಚಿದ ಪಟ್ಟಿ ಅಡುಗೆಮನೆ ಕಸದ ಜೊತೆಗೇ ಹೋಗುತ್ತೆ.

ಉತ್ತರ: ನಿಮ್ಮ ಕಷ್ಟ ಗೊತ್ತಮ್ಮ, ಒಬ್ಬರೇ ಇರೋ ಕಡೆ ಎಲ್ಲಾ ಅಡ್ಡದಾರಿನೂ ಹುಟ್ಟೋದು ಅಲ್ಲೇ. ವಾಸನೆ, ಕೀವು ಇಲ್ಲದವರದ್ದು ಮೊದಲು ಮುಗಿಸಿ, ಕೀವು ಇರೋರದ್ದು ಕೊನೆಗೆ ಇಟ್ಕೊಳ್ಳಿ, ಅದಕ್ಕೇನೂ ಖರ್ಚಿಲ್ಲ. 2016ರ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ರಕ್ತ, ಕೀವು ಹತ್ತಿದ ಪಟ್ಟಿ ಹಳದಿ ಕವರಿಗೆ, ಗ್ಲೌಸ್ ಕೆಂಪು ಕವರಿಗೆ. ಕವರ್ ತರಿಸೋದು, ಒಯ್ಯೋರನ್ನ ಗೊತ್ತು ಮಾಡೋದು ಮ್ಯಾನೇಜರ್ ಕೆಲಸ, ನಿಮ್ಮದಲ್ಲ.

ಪ್ರಶ್ನೆ: ಅತ್ತೆಗೆ ಜ್ವರ ಏನಿಲ್ಲ. ಅಂದ್ರೆ ಸೋಂಕು ಇಲ್ಲ ತಾನೇ?

ಉತ್ತರ: ಹಾಗೆ ಹೇಳಕ್ಕಾಗಲ್ಲ ಮೇಡಂ. ವಯಸ್ಸಾದವರಿಗೆ ಜ್ವರ ಬರದೇನೂ ಸೋಂಕು ಏರಬಹುದು. ಊಟ ಬಿಡೋದು, ಮಂಕಾಗೋದು, ಇದ್ದಕ್ಕಿದ್ದಂತೆ ತಪ್ಪು ತಪ್ಪು ಮಾತಾಡೋದು, ಶುಗರ್ ಏರೋದು, ಗಾಯದ ಸುತ್ತ ಬಿಸಿ, ಕೆಂಪು ಅಥವಾ ಹೊಸ ವಾಸನೆ, ಇದರಲ್ಲಿ ಯಾವುದಿದ್ರೂ ಅವತ್ತೇ ಡಾಕ್ಟರಿಗೆ ತೋರಿಸಿ.